ಸೈನಿಕನ ಬೆನ್ನ ಮೇಲಿನ ತೂಕ ಎಷ್ಟು?

ಯುದ್ಧದ ಕಥೆ ಅಂದ ತಕ್ಷಣ ನಮಗೆ ನೆನಪಾಗೋದು ಸ್ಲೋ ಮೋಷನ್, ಜೋರು ಬಿಜಿಎಂ, ಕೊನೆಗೆ ಬಾವುಟ. ಆದ್ರೆ ಇವತ್ತಿನ ಪುಸ್ತಕ ಶುರುವಾಗೋದೇ ಸಾಮಾನಿನ ಪಟ್ಟಿಯಿಂದ. ಬಿ.ಕಾಂ ಓದಿದ ನನಗೆ ಮೊದಲ ಸಲ ಸ್ಟಾಕ್ ರಿಜಿಸ್ಟರ್ ನೋಡಿದ ಹಾಗನ್ನಿಸ್ತು!

ಪುಸ್ತಕದ ಹೆಸರು ‘ದ ಥಿಂಗ್ಸ್ ದೇ ಕ್ಯಾರೀಡ್’, ಅಂದ್ರೆ ‘ಅವರು ಹೊತ್ತ ವಸ್ತುಗಳು’. 1990ರಲ್ಲಿ ಬಂತು. ಬರೆದವರು ಅಮೆರಿಕದ ಟಿಮ್ ಓಬ್ರಿಯನ್. 1969-70ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸ್ವತಃ ಸೈನಿಕರಾಗಿದ್ದವರು.

ಮೊದಲ ಕಥೆಯಲ್ಲಿ ಯಾರು ಏನು ಹೊತ್ತಿದ್ರು, ಅದರ ತೂಕ ಎಷ್ಟು ಅನ್ನೋ ಲೆಕ್ಕ ಇದೆ. ರೇಡಿಯೊ 26 ಪೌಂಡ್, ಅಂದ್ರೆ ಹತ್ತಿರ ಹತ್ತಿರ 12 ಕೆಜಿ. ಲೆಫ್ಟಿನೆಂಟ್ ಜಿಮ್ಮಿ ಕ್ರಾಸ್ ಹತ್ರ ಮಾರ್ಥಾ ಅನ್ನೋ ಹುಡುಗಿ ಬರೆದ ಪತ್ರಗಳು: 10 ಔನ್ಸ್, 300 ಗ್ರಾಂ ಕೂಡ ಇಲ್ಲ. ಹೀಗೇ ಓದ್ತಾ ಹೋದ್ರೆ ಅದೇ ಪಟ್ಟಿಯೊಳಗೆ ಭಯ, ನಾಚಿಕೆ, ನೆನಪು ಕೂಡ ಸೇರ್ಕೊಳ್ಳತ್ತೆ. ಇವನ್ನ ತೂಗೋ ತಕ್ಕಡಿ ಎಲ್ಲಿದೆ?

ಪಟ್ಟಿಯ ನಡುವೆ ಟೆಡ್ ಲ್ಯಾವೆಂಡರ್ ಅನ್ನೋ ಸೈನಿಕ ಸತ್ತ ವಿಷಯ ಸುಮ್ನೆ ಬಂದು ಹೋಗತ್ತೆ. ಸ್ವಲ್ಪ ಮುಂದೆ ಮತ್ತೆ ಬರತ್ತೆ, ಮತ್ತೆ ಮತ್ತೆ ಬರತ್ತೆ. ಕೆಟ್ಟ ನೆನಪು ಕಾಡೋದೂ ಹೀಗೇ ಅಲ್ವಾ? ಆ ಹೊತ್ತಲ್ಲಿ ಕ್ರಾಸ್ ಮಾರ್ಥಾಳ ಧ್ಯಾನದಲ್ಲಿದ್ದ. ಸಾವಿಗೆ ತಾನೇ ಕಾರಣ ಅಂದ್ಕೊಂಡು ಅವಳ ಪತ್ರಗಳನ್ನ ಸುಡ್ತಾನೆ. ಬ್ಯಾಗಿನ ತೂಕ ಇಳೀತು, ಎದೆಯ ಭಾರ ಇಳೀಲಿಲ್ಲ.

ಇನ್ನೊಂದು ತಂತ್ರ ಕೇಳಿ. ಕಥೆ ಹೇಳೋನ ಹೆಸರೂ ಟಿಮ್ ಓಬ್ರಿಯನ್ನೇ! ಆದ್ರೆ ಅವನು ಕಲ್ಪಿತ ಪಾತ್ರ, ಅವನ ಮಗಳು ಕ್ಯಾಥ್ಲೀನ್ ಕೂಡ. ಗ್ರೆನೇಡ್ ಎಸೆದು ಒಬ್ಬ ಯುವಕನನ್ನ ಕೊಂದೆ ಅಂತಾನೆ. ಆಮೇಲೆ, ಕೊಂದಿದ್ದು ನಾನಲ್ಲ, ಅಲ್ಲಿದ್ದೆ ಅಷ್ಟೆ ಅಂತಾನೆ. ಮರುಕ್ಷಣ, ಅದೂ ಕಟ್ಟಿದ್ದೇ ಅಂತಾನೆ.

ಓದುಗರಿಗೆ ಮೋಸ ಅನ್ನಿಸಬಹುದು. ನನಗೂ ಮೊದಲು ಸಿಟ್ಟು ಬಂತು. ಆದ್ರೆ ಯೋಚ್ನೆ ಮಾಡಿ: ಅಲ್ಲಿ ಏನು ನಡೀತು ಅನ್ನೋದು ಒಂದು ಸತ್ಯ, ಅದು ಮನಸ್ಸಿಗೆ ಏನು ಮಾಡ್ತು ಅನ್ನೋದು ಇನ್ನೊಂದು. ಮೊದಲನೆಯದನ್ನ ವರದಿ ಹೇಳತ್ತೆ. ಎರಡನೆಯದನ್ನ ಹೇಳೋಕೆ ಈ ಲೇಖಕರಿಗೆ ಕಥೆ ಕಟ್ಟಲೇಬೇಕಾಯ್ತು.

ಮುಂದಿನ ಸಲ ಯುದ್ಧದ ರೀಲ್ ಬಂದ್ರೆ ಒಮ್ಮೆ ಮ್ಯೂಟ್ ಮಾಡಿ ನೋಡಿ. ಆ ಹುಡುಗನ ಬ್ಯಾಗಲ್ಲಿ ಯಾರ ಪತ್ರ ಇರಬಹುದು?