ಜವುಳು ನೆಲದ ಜಿಗಿಯುವ ಜೇಡ

ಮಳೆಗಾಲ ಬಂತೆಂದರೆ ಭಾನುವಾರದ ಪೂಜೆ ಮುಗಿದ ಮೇಲೆ ಯಾರಾದರೊಬ್ಬರು ಕುತ್ತಿಗೆಯ ಮೇಲಿನ ನೀರ್ಗುಳ್ಳೆ ತೋರಿಸಿ, “ಫಾದರ್, ಜೇಡ ಉಚ್ಚಿ ಹೊಯ್ದೈತ್ರಿ” ಎನ್ನುತ್ತಾರೆ. ನೀವು ಆ ಜೇಡವನ್ನು ಕಂಡಿರಾ ಎಂದರೆ, ಇಲ್ಲ. ಕಾಣದೆ ಅಪವಾದ ಹೊರಿಸುವುದಕ್ಕಿಂತ ಜೇಡವನ್ನು ಗುರುತಿಸಲು ಕಲಿಯುವುದು ಮೇಲು.

ಸಾಂಗಲಿ, ಮಿರಜ ಕಡೆಯ ಕೃಷ್ಣಾ ದಂಡೆಯಲ್ಲಿ ಕಬ್ಬಿಗೆ ಮಿತಿಮೀರಿ ನೀರು ಬಿಟ್ಟು ಎಷ್ಟೋ ಭೂಮಿ ಜವುಳಾಗಿ, ಸವುಳಾಗಿ ಕೆಟ್ಟಿದೆ. ಬೆಳೆ ಇರಬೇಕಾದಲ್ಲಿ ಜೊಂಡು ನಿಂತಿದೆ. ಬಿಸಿಲೇರಿದ ಮೇಲೆ ಆ ಜೊಂಡಿನ ಅಂಚಿಗೆ ಹೋಗಿ, ಕೊಡೆಯನ್ನು ಬಿಚ್ಚಿ ತಲೆಕೆಳಗಾಗಿ ಹಿಡಿದು, ಗಿಡವನ್ನು ಕೋಲಿನಿಂದ ಮೆಲ್ಲಗೆ ತಟ್ಟಿರಿ. ಕೊಡೆಯಲ್ಲಿ ಬಿದ್ದ ಸಣ್ಣ ಜೇಡ ಓಡದೆ ನಿಮ್ಮತ್ತ ತಿರುಗಿ ನೋಡಿದರೆ, ಅದೇ ಜಿಗಿಯುವ ಜೇಡ. ಕಣ್ಣು ಎಂಟು, ಮುಂದಿನ ಎರಡು ಮೋಟಾರಿನ ದೀಪದಂತೆ ದೊಡ್ಡವು. ಇದು ಬಲೆ ಹೆಣೆದು ಕಾಯುವುದಿಲ್ಲ. ಬೆಕ್ಕಿನಂತೆ ಹೊಂಚಿ, ಒಂದು ಎಳೆ ಅಂಟಿಸಿಕೊಂಡು ಜಿಗಿಯುತ್ತದೆ. ನೊಣ, ಸೊಳ್ಳೆ, ಜಿಗಿಹುಳ ಇದರ ಆಹಾರ. ಕೀಟನಾಶಕ ಹೊಡೆದಾಗ ಕೀಡೆಯ ಜೊತೆಗೆ ಈ ಕೂಲಿ ಕೇಳದ ಆಳೂ ಸಾಯುತ್ತದೆ.

ಜಗತ್ತಿನಲ್ಲಿ ಇವುಗಳ ಜಾತಿ 6,000ಕ್ಕೂ ಹೆಚ್ಚು. ಗೋಡೆಯ ಮೇಲಿನ ಚಪ್ಪಟೆ ಬೂದು ಜೇಡ ಮೆನೆಮೆರಸ್. ಕಪ್ಪು ಮೈಗೆ ಬಿಳಿ ಪಟ್ಟೆಯಿದ್ದರೆ ಪ್ಲೆಕ್ಸಿಪ್ಪಸ್ ಗಂಡು. ಅದರ ಹೆಣ್ಣು ಕಂದು ಬಣ್ಣದ್ದು, ನೋಡಿದರೆ ಬೇರೆ ಜಾತಿಯೇ ಅನ್ನಿಸುತ್ತದೆ. ಇರುವೆಯಂತೆ ಕಂಡು, ಮುಂಗಾಲನ್ನೇ ಮೀಸೆಯಂತೆ ಆಡಿಸುವುದು ಮಿರ್ಮರಾಕ್ನಿ. ಬಣ್ಣ ನೋಡಿ ಊಹಿಸಬಹುದು, ಅಷ್ಟೇ. ಜಾತಿ ಖಚಿತವಾಗುವುದು ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ಆದ್ದರಿಂದ ಫೋಟೋ ತೆಗೆದರೆ ದಿನಾಂಕ, ಸ್ಥಳ, ಗಿಡದ ಹೆಸರನ್ನೂ ಬರೆದಿಡಿರಿ.

ಹೊಸ ಜಾತಿ ಇನ್ನೆಲ್ಲಿ ಸಿಕ್ಕೀತು ಎನ್ನಬೇಡಿ. 2021ರಲ್ಲಿ ಠಾಣೆಯ ಒಂದು ಜಾತಿಗೆ ಹುತಾತ್ಮ ಪೊಲೀಸ್ ತುಕಾರಾಮ ಓಂಬಳೆಯವರ ಹೆಸರಿಟ್ಟರು. 2024ರಲ್ಲಿ ಕಿರಣ್ ಮರಾಠೆ ಮತ್ತು ಸಂಗಡಿಗರು ತುಮಕೂರಿನ ದೇವರಾಯನದುರ್ಗದ ಜೇಡವೊಂದನ್ನು ‘ತೆಂಕಣ ಜಯಮಂಗಲಿ’ ಎಂದು ಕರೆದರು. ತೆಂಕಣ ನಮ್ಮದೇ ಕನ್ನಡ ಮಾತು. ಜಯಮಂಗಲಿ ಅಲ್ಲಿ ಹುಟ್ಟುವ ನದಿ.

ಹಾಗಾದರೆ ಆ ಗುಳ್ಳೆ? ಹಸಿ ನೆಲದಲ್ಲೇ ಪೆಡೆರಸ್ ಎಂಬ ಹುಳವಿದೆ. ಅಕ್ಕಿಕಾಳಿನಷ್ಟು ಉದ್ದ, ಕೆಂಪು ಕಪ್ಪು ಮೈ, ಕಾಲು ಆರೇ, ಜೇಡಕ್ಕಾದರೆ ಎಂಟು. ರಾತ್ರಿ ದೀಪಕ್ಕೆ ಬಂದು ಮೈಮೇಲೆ ಕೂರುತ್ತದೆ. ಕಚ್ಚುವುದಿಲ್ಲ, ನಾವು ಉಜ್ಜಿ ಕೊಂದಾಗ ಒಸರುವ ರಸದಿಂದ ಒಂದೆರಡು ದಿನದಲ್ಲಿ ಗೆರೆ ಎಳೆದಂತೆ ಗುಳ್ಳೆ ಏಳುತ್ತದೆ. ಹುಳವನ್ನು ಊದಿ ಹಾರಿಸಿರಿ. ರಸ ತಗುಲಿದರೆ ಕೂಡಲೇ ಸಾಬೂನು ಹಚ್ಚಿ ತೊಳೆಯಿರಿ. ಆ ಕೈಯಿಂದ ಕಣ್ಣು ಮುಟ್ಟಬೇಡಿ.

ಗುಳ್ಳೆ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು ಉರಿನೋವಿದ್ದರೆ ಅದು ಸರ್ಪಸುತ್ತು ಇರಬಹುದು. ಮಂತ್ರ, ಕೆಮ್ಮಣ್ಣು ಎಂದು ಕೂರದೆ ಮೂರು ದಿನದೊಳಗೆ ವೈದ್ಯರನ್ನು ಕಾಣಿರಿ; ಔಷಧಿ ಚೆನ್ನಾಗಿ ನಾಟುವುದು ಆಗಲೇ.