ವಿದ್ಯುನ್ಮಾನ ಉಪಕರಣಗಳ ದುರಸ್ತಿ: ಸುರಕ್ಷತಾ ಬಿಡಿಭಾಗಗಳನ್ನು ಪಡೆಯುವ ಕುರಿತು ಮಾಹಿತಿ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಗ್ರಾಹಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಟಿ.ವಿ., ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಮುಂತಾದ ಉಪಕರಣಗಳಲ್ಲಿ ಕೆಲವು ಬಿಡಿಭಾಗಗಳನ್ನು ಬೆಂಕಿ ಹಾಗೂ ವಿದ್ಯುತ್ ಆಘಾತವನ್ನು ತಡೆಯುವುದಕ್ಕಾಗಿಯೇ ಅಳವಡಿಸಲಾಗಿರುತ್ತದೆ. ಇವು ಸ್ಥಳೀಯವಾಗಿ ದೊರೆಯದಿದ್ದಾಗ ಬದಲಿ ಭಾಗವನ್ನು ಅಥವಾ ಬರಿಯ ತಂತಿಯನ್ನು ಜೋಡಿಸಿದಲ್ಲಿ ಉಪಕರಣವು ಕೆಲಸ ಮಾಡಬಹುದಾದರೂ ರಕ್ಷಣೆ ಇಲ್ಲವಾಗುತ್ತದೆ.

ಗಮನಿಸಬೇಕಾದ ಬಿಡಿಭಾಗಗಳು

1. ಫ್ಯೂಸ್: ಆಂಪಿಯರ್, ವೋಲ್ಟ್ ಹಾಗೂ ಬಗೆ (ಬೇಗ ಕಡಿಯುವುದು ಅಥವಾ ನಿಧಾನವಾಗಿ ಕಡಿಯುವುದು) ಮೂರೂ ಮೂಲ ಭಾಗದಂತೆಯೇ ಇರತಕ್ಕದ್ದು.

2. ಥರ್ಮಲ್ ಫ್ಯೂಸ್: ಇದು ನಿಗದಿತ ಉಷ್ಣಾಂಶ ಮೀರಿದಾಗ ವಿದ್ಯುತ್ತನ್ನು ಕಡಿತಗೊಳಿಸುತ್ತದೆ. ಮೇಲೆ ಮುದ್ರಿತವಾದ ಉಷ್ಣಾಂಶ ಹಾಗೂ ಆಂಪಿಯರ್ ಹೊಂದಿಕೆಯಾಗಬೇಕು. ಬೆಸುಗೆಯ ಶಾಖದಿಂದ ಇದು ಹಾಳಾಗಬಹುದಾದ್ದರಿಂದ ತಂತಿಯನ್ನು ಒತ್ತಿ ಜೋಡಿಸುವುದು ಸೂಕ್ತ.

3. ಎಕ್ಸ್ ಮತ್ತು ವೈ ವರ್ಗದ ಕೆಪ್ಯಾಸಿಟರ್: ಎಕ್ಸ್ ವರ್ಗದ್ದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಇರುತ್ತದೆ, ಇದರ ದೋಷದಿಂದ ಬೆಂಕಿ ಉಂಟಾಗಬಹುದು. ವೈ ವರ್ಗದ್ದನ್ನು ಅರ್ಥಿಂಗ್ ಕಡೆಗೆ ಜೋಡಿಸಲಾಗಿರುತ್ತದೆ. ಇದರ ದೋಷದಿಂದ ಲೋಹದ ಹೊರಕವಚದಲ್ಲಿ ವಿದ್ಯುತ್ ಹರಿಯಬಹುದು. ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ಒಂದೇ ಆಗಿದ್ದ ಮಾತ್ರಕ್ಕೆ ಸಾಮಾನ್ಯ ಕೆಪ್ಯಾಸಿಟರ್ ಇವುಗಳಿಗೆ ಬದಲಿಯಾಗುವುದಿಲ್ಲ.

ಪಡೆಯುವ ವಿಧಾನ

1. ಉಪಕರಣದ ಮಾದರಿ ಸಂಖ್ಯೆಯನ್ನೂ, ತಂತ್ರಜ್ಞರಿಂದ ತೆಗೆಸಿದ ಹಳೆಯ ಭಾಗವನ್ನೂ ಇಟ್ಟುಕೊಳ್ಳುವುದು. ಪ್ಲಗ್ ತೆಗೆದ ನಂತರವೂ ಕೆಪ್ಯಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಗ್ರಾಹಕರು ಸ್ವತಃ ಉಪಕರಣವನ್ನು ಬಿಚ್ಚಬಾರದು.

2. ಮೊದಲಿಗೆ ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸುವುದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ಆರಂಭಿಸಿದ 'ರೈಟ್ ಟು ರಿಪೇರ್' ಜಾಲತಾಣದಲ್ಲಿ, ಸೇರ್ಪಡೆಯಾದ ಕಂಪನಿಗಳ ಬಿಡಿಭಾಗ ಹಾಗೂ ಸೇವಾ ಕೇಂದ್ರಗಳ ವಿವರಗಳಿಗೆ ಅವಕಾಶ ಕಲ್ಪಿಸಲಾಗಿದೆ.

3. ಅಲ್ಲಿಯೂ ದೊರೆಯದಿದ್ದಲ್ಲಿ ತುಮಕೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ತದನಂತರ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹಳೆಯ ಭಾಗವನ್ನು ತೋರಿಸಿ ವಿಚಾರಿಸಬಹುದು. ಗುಬ್ಬಿಯವರಿಗೆ ತುಮಕೂರು ಮಾರ್ಗವಾಗಿ, ಕುಣಿಗಲ್‌ನವರಿಗೆ ನೇರವಾಗಿ ಬೆಂಗಳೂರಿಗೆ ರೈಲು ಸಂಪರ್ಕವಿದೆ.

4. ಹಳೆಯ ಉಪಕರಣಗಳಿಂದ ಕಳಚಿದ ಸುರಕ್ಷತಾ ಭಾಗಗಳನ್ನು ಖರೀದಿಸಬಾರದು.

5. ಭಾಗದ ಹೆಸರು ಹಾಗೂ ಅಳತೆಯನ್ನು ನಮೂದಿಸಿದ ರಸೀದಿಯನ್ನು ಕಡ್ಡಾಯವಾಗಿ ಪಡೆಯುವುದು. ರಸೀದಿ ನೀಡಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

ದೂರು ಸಲ್ಲಿಕೆ

ಕಳಪೆ ಬಿಡಿಭಾಗ ಅಥವಾ ದೋಷಪೂರಿತ ದುರಸ್ತಿಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ, ದೂರಿಗೆ ಕಾರಣ ಉದ್ಭವಿಸಿದ ದಿನದಿಂದ 2 ವರ್ಷಗಳ ಒಳಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ.

ವಿಶೇಷ ಸೂಚನೆ: ಸೂಕ್ತ ಬಿಡಿಭಾಗ ದೊರೆಯಲು ಕೆಲವು ದಿನಗಳು ಬೇಕಾಗಬಹುದು. ಅಲ್ಲಿಯವರೆಗೆ ಉಪಕರಣದ ಪ್ಲಗ್ ತೆಗೆದಿರಿಸಿ, ಅದನ್ನು ಬಳಸದಿರುವಂತೆ ಗ್ರಾಹಕರಲ್ಲಿ ಕೋರಲಾಗಿದೆ.