‘ಹಂದಿಯ ಕಿವಿ’ ಎಂದರೆ ಬಿಯರು!

ಉನ್ನತ ವ್ಯಾಸಂಗಕ್ಕೆಂದು ಬ್ರಿಟನ್ನಿಗೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ವಾರವೇ ಸಹಪಾಠಿಗಳಿಂದ ಒಂದು ಕರೆ ಬರುತ್ತದೆ: ‘ಫ್ಯಾನ್ಸಿ ಎ ಪೈಂಟ್?’ ಕುಡಿಯದವರು ಗಾಬರಿಬಿದ್ದು ‘ಇಲ್ಲ’ ಎಂದು ಕೋಣೆ ಸೇರಿಬಿಡುತ್ತಾರೆ. ಆ ಕರೆಯ ಅರ್ಥ ‘ಬಾ, ಸ್ವಲ್ಪ ಹೊತ್ತು ಹರಟೋಣ’ ಎಂದಷ್ಟೇ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಪಬ್ಬಿನ ಭಾಷೆಯೇ ಹಾಗೆ. ಅಲ್ಲಿ ‘ಬಿಯರು ಕೊಡಿ’ ಎಂದು ಕೇಳುವವರು ಕಡಿಮೆ. ‘ಪೈಂಟ್ ಆಫ್ ಬಿಟರ್’ ಎಂದರೆ 568 ಮಿಲಿಲೀಟರಿನಷ್ಟು ಕಹಿ ಬಿಯರು. ಬರೀ ‘ಹಾಫ್’ ಎಂದರೆ ಅದರಲ್ಲಿ ಅರ್ಧ. ಎರಡು ಬಗೆಯ ಬಿಯರು ಬೆರೆಸಿದ ‘ಬ್ಲ್ಯಾಕ್ ಅಂಡ್ ಟ್ಯಾನ್’ ಎಂಬುದೂ ಉಂಟು. ಆದರೆ ಈ ಹೆಸರನ್ನು ಐರ್ಲೆಂಡಿನಲ್ಲಿ ಎತ್ತದಿರುವುದೇ ಕ್ಷೇಮ. 1920-21ರಲ್ಲಿ ಅಲ್ಲಿ ದೌರ್ಜನ್ಯ ನಡೆಸಿದ ಬ್ರಿಟಿಷ್ ಪಡೆಗೂ ಅದೇ ಹೆಸರಿತ್ತು.

ಲಂಡನ್ನಿನ ಪೂರ್ವ ಭಾಗದ ಕಾಕ್ನಿಗಳದು ಇನ್ನೂ ವಿಚಿತ್ರ. ಅವರದು ಪ್ರಾಸದ ಆಟ. ‘ಬಿಯರ್’ಗೆ ಪ್ರಾಸ ‘ಪಿಗ್ಸ್ ಇಯರ್’, ಅಂದರೆ ಹಂದಿಯ ಕಿವಿ. ಸಾಲದೆಂಬಂತೆ ಪ್ರಾಸದ ಪದವನ್ನೇ ನುಂಗಿ ‘ಪಿಗ್ಸ್’ ಎಂದಷ್ಟೇ ಹೇಳುವುದೂ ಇದೆ. ಹೊರಗಿನವನಿಗೆ ತಲೆಬುಡ ತಿಳಿಯಬೇಕಾದರೂ ಹೇಗೆ? ಜಾನ್ ಕ್ಯಾಮ್ಡೆನ್ ಹಾಟನ್ 1859ರಲ್ಲಿ ಹೊರತಂದ ಆಡುಮಾತಿನ ನಿಘಂಟಿನಲ್ಲೇ ಇಂಥ ಪ್ರಾಸಪದಗಳ ಪಟ್ಟಿಯಿದೆ. ಆಟ ಇನ್ನೂ ನಿಂತಿಲ್ಲ. ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಹೆಸರೂ ‘ಬಿಯರ್ಸ್’ಗೆ ಪ್ರಾಸವಾಗಿ ಪಬ್ಬು ಸೇರಿತು.

ಇವೆಲ್ಲ ತಿಳಿಯದಿದ್ದರೂ ನಡೆದೀತು. ತಿಳಿಯಲೇಬೇಕಾದ ಮಾತೆಂದರೆ ‘ರೌಂಡ್’. ನಾಲ್ವರು ಗೆಳೆಯರು ಕುಳಿತರೆ ಒಬ್ಬ ಎದ್ದು ‘ವಾಟ್ಸ್ ಯುವರ್ಸ್?’ ಎಂದು ಕೇಳುತ್ತಾನೆ. ನಾಲ್ಕಕ್ಕೂ ಅವನೇ ಹಣ ತೆರುತ್ತಾನೆ. ಮುಂದಿನ ಸರದಿ ಇನ್ನೊಬ್ಬನದು. ‘ಮೈ ರೌಂಡ್’ ಎನ್ನದೆ ಕುಡಿದು ಜಾರಿಕೊಂಡವನಿಗೆ ಜಿಪುಣನೆಂಬ ಬಿರುದು ಖಚಿತ. ಈ ಪದ್ಧತಿ ಎಷ್ಟು ಬೇರೂರಿತ್ತೆಂದರೆ, ಮೊದಲ ಮಹಾಯುದ್ಧದ ಕಾಲದಲ್ಲಿ ಕುಡಿತ ತಗ್ಗಿಸಲು ಸರ್ಕಾರ 1915ರಲ್ಲಿ ಲಂಡನ್ನಿನಲ್ಲಿ ಇನ್ನೊಬ್ಬರಿಗೆ ಮದ್ಯ ಕೊಡಿಸುವುದನ್ನೇ ನಿಷೇಧಿಸಿತ್ತು! ಯುದ್ಧ ಮುಗಿಯಿತು, ನಿಷೇಧ ಹೋಯಿತು, ರೌಂಡ್ ಉಳಿಯಿತು.

ಪಬ್ಬಿನ ಕಟ್ಟೆಯ ಮೇಲೆ ಟಿಪ್ಸ್ ಬಿಡುವ ರೂಢಿಯೂ ಕಡಿಮೆ. ಬಡಿಸುವವರ ಮೇಲೆ ಪ್ರೀತಿ ಬಂದರೆ ‘ಅಂಡ್ ಒನ್ ಫಾರ್ ಯುವರ್‌ಸೆಲ್ಫ್’, ನಿಮಗೂ ಒಂದಿರಲಿ, ಎನ್ನುತ್ತಾರೆ. ಒಂದು ಪಾನೀಯದ ಬೆಲೆ ಅವರ ಪಾಲಿಗೆ ಸೇರುತ್ತದೆ.

ಇನ್ನು ಕುಡಿಯದವರ ಪಾಡು? ಹದಿನೆಂಟು ತುಂಬದವರಿಗೆ ಅಲ್ಲಿ ಮದ್ಯ ಮಾರುವಂತೆಯೇ ಇಲ್ಲ. ಉಳಿದವರೂ ಕುಡಿಯಲೇಬೇಕೆಂಬ ಕಟ್ಟುಪಾಡಿಲ್ಲ. ‘ಪೈಂಟ್ ಆಫ್ ಲೈಮ್ ಅಂಡ್ ಸೋಡಾ’ ಎಂದರೆ ನಿಂಬೆಯಂಥ ಲೈಮಿನ ಸಿಹಿರಸ ಬೆರೆಸಿದ ಸೋಡಾ ಅಷ್ಟೇ ದೊಡ್ಡ ಲೋಟದಲ್ಲಿ ಬರುತ್ತದೆ. ತನ್ನ ಸರದಿ ಬಂದಾಗ ಎದ್ದು ಉಳಿದವರಿಗೆ ಏನು ಬೇಕೆಂದು ಕೇಳುವುದನ್ನು ಮಾತ್ರ ಮರೆಯುವಂತಿಲ್ಲ.